ಹಗ್ಗದ ಆ ತುದಿ

ತಾನು ಮದುವೆಯಾಗಲಿರುವ ಹುಡುಗಿ ಬೆಟ್ಟದ ರಸ್ತೆಯಲ್ಲಿ ಬಸ್ ಓಡಿಸುತ್ತಾಳೆ ಎಂದು ಮಗ ಬಂದು ಹೇಳಿದಾಗ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ.

"ಕ್ಲಚ್ ಹೇಗೆ ಬಿಡ್ತಾಳೆ?"

ಮಗನಿಗೆ ಅದು ಗೊತ್ತಿರಲಿಲ್ಲ. ಅವನು ಬೇಕರಿಯವನು. ಗುಂಡು ಮುಖ, ಮೆತ್ತನೆ ಮಾತು. ಊರೆಲ್ಲ ಅವನನ್ನು ಬನ್ನು ಎಂದೇ ಕರೆಯುತ್ತಿತ್ತು. ಮುಂಜಾನೆಯ ಮೊದಲ ಟ್ರಿಪ್ಪಿಗೆ ಹೊರಡುವ ಹುಡುಗಿಗೆ ಬಿಸಿ ಬ್ರೆಡ್ಡು ಕೊಡುತ್ತ ಕೊಡುತ್ತ ಮಾತು ಬೆಳೆದಿತ್ತು, ಮಾತು ಬೆಳೆದು ಮದುವೆಯ ಬಾಗಿಲಿಗೆ ಬಂದು ನಿಂತಿತ್ತು. ಅವಳ ಕಣ್ಣು ಹೇಗಿದೆ ಎಂದು ಕೇಳಿದ್ದರೆ ಅವನು ಅರ್ಧ ಗಂಟೆ ಹೇಳುತ್ತಿದ್ದ. ಕ್ಲಚ್ಚಿನ ಕಡೆ ಅವನ ಗಮನ ಹೋಗಿರಲೇ ಇಲ್ಲ.

ಅಪ್ಪನ ಪ್ರಶ್ನೆಗೆ ಕಾರಣವಿತ್ತು. ಊರಿನ ಮೇಲ್ಗಡೆ, ಬೆಟ್ಟದ ನೆತ್ತಿಯಲ್ಲಿ, ಗ್ಲೈಡರ್ ಹಾರಿಸುವವರ ಪುಟ್ಟ ಕ್ಲಬ್ಬೊಂದಿತ್ತು. ಅಪ್ಪ ಜೀವಮಾನದ ಬಹುಪಾಲು ಅಲ್ಲಿ ಹಾರಿದವರು, ಇತರರಿಗೆ ಹಾರಲು ಕಲಿಸಿದವರು. ಎದೆಬಡಿತ ತಾಳ ತಪ್ಪುತ್ತಿದೆ ಎಂದು ಡಾಕ್ಟರು ಹೇಳಿದ ಮೇಲೆ ಅವರ ಲೈಸೆನ್ಸು ಹೋಯಿತು. ಮೈದಾನ ಮಾತ್ರ ಅವರನ್ನು ಬಿಡಲಿಲ್ಲ. ಹಾರುವವರನ್ನು ಎಳೆದು ಮೇಲೇರಿಸುವ ಕೆಲಸಕ್ಕೆ ಕೂತರು.

ಗ್ಲೈಡರಿಗೆ ಎಂಜಿನ್ ಇಲ್ಲ. ಯಾರಾದರೂ ಅದನ್ನು ಎಳೆದು ಗಾಳಿಯ ಕೈಗೆ ಒಪ್ಪಿಸಬೇಕು. ತಗ್ಗಿನ ಊರುಗಳಲ್ಲಾದರೆ ಒಂದು ಸಣ್ಣ ವಿಮಾನ ಅದನ್ನು ಹಗ್ಗ ಕಟ್ಟಿ ಎಳೆದೊಯ್ಯುತ್ತದೆ. ಇಲ್ಲಿ ಆ ಆಟ ನಡೆಯುತ್ತಿರಲಿಲ್ಲ. ಅಷ್ಟು ಎತ್ತರದಲ್ಲಿ ಗಾಳಿ ತೆಳು. ಎಂಜಿನ್ನಿಗೂ ಏದುಸಿರು, ರೆಕ್ಕೆಗೂ ಹಿಡಿತ ಸಾಲದು. ನೆಲ ಬಿಡಬೇಕಾದರೆ ಹೆಚ್ಚು ದೂರ ಓಡಬೇಕು, ಓಡಲು ಜಾಗವೇ ಇಲ್ಲ. ಹುಲ್ಲಿನ ಪಟ್ಟಿ ಗಿಡ್ಡ. ಅದರ ಒಂದು ತುದಿಯಲ್ಲಿ ಗ್ಲೈಡರುಗಳನ್ನು ಇಡುವ ತಗಡಿನ ಹ್ಯಾಂಗರು, ಇನ್ನೊಂದು ತುದಿಯಲ್ಲಿ ಪ್ರಪಾತ. ಹಿಂದೊಮ್ಮೆ ಕ್ಲಬ್ಬಿನವರು ವಿಮಾನವೊಂದನ್ನು ತರಿಸಿ ನೋಡಿದ್ದರಂತೆ. ಅದರ ಪೈಲಟ್ ಒಂದೇ ಒಂದು ಸಲ ಎಳೆದು, ಇಳಿದು, ಕೊಟ್ಟ ಚಹಾವನ್ನೂ ಕುಡಿಯದೆ ಹೊರಟುಹೋದನಂತೆ.

ಅದಕ್ಕೇ ವಿಂಚು. ಪ್ರಪಾತದ ಕಡೆಯ ತುದಿಯಲ್ಲಿ ಹಳೆ ಲಾರಿಯ ಎಂಜಿನ್ನು, ಅದಕ್ಕೊಂದು ದೊಡ್ಡ ರಾಟೆ, ರಾಟೆಗೆ ಸುತ್ತಿದ ಉಕ್ಕಿನ ಹಗ್ಗ. ಹಗ್ಗವನ್ನು ಹ್ಯಾಂಗರಿನ ತನಕ ಎಳೆದು ಗ್ಲೈಡರಿನ ಕೊಕ್ಕೆಗೆ ಸಿಕ್ಕಿಸುತ್ತಾರೆ. ಈ ತುದಿಯಲ್ಲಿ ರಾಟೆ ಸುತ್ತಿದರೆ ಆ ತುದಿಯಲ್ಲಿ ಗ್ಲೈಡರು ಗಾಳಿಪಟದಂತೆ ಮೇಲೇಳುತ್ತದೆ. ವಿಂಚಿನ ನೆತ್ತಿಯ ಮೇಲೆ ಬಂದಾಗ ಹಗ್ಗವನ್ನು ಕಳಚಿಕೊಂಡು ತನ್ನ ದಾರಿ ಹಿಡಿಯುತ್ತದೆ. ಎಳೆಯುವವರ ಪಾದ ಒರಟಾದರೆ ಮೇಲಿದ್ದವರ ಕತ್ತು ಉಳುಕುತ್ತದೆ. ತಮ್ಮ ನಂತರ ಆ ಪೆಡಲಿನ ಮೇಲೆ ಯಾರ ಪಾದ ಎಂಬುದೇ ಅವರ ಚಿಂತೆಯಾಗಿತ್ತು.

ಮದುವೆಯಾಗಿ ಬಂದ ಸೊಸೆಯನ್ನು ಮಾವ ಅವಳ ಮೊದಲ ರಜೆಯ ದಿನವೇ ಮೈದಾನಕ್ಕೆ ಕರೆದೊಯ್ದರು. ವಿಂಚಿನ ತಂತಿಬಲೆಯ ಗೂಡಿನಲ್ಲಿ ಕೂರಿಸಿ ಒಂದೊಂದನ್ನೇ ತೋರಿಸಿಕೊಟ್ಟರು. ಅವಳು ಎಲ್ಲವನ್ನೂ ಕಿವಿಗೊಟ್ಟು ಕೇಳಿದಳು. ಸಂಜೆಯ ಹೊತ್ತಿಗೆ ಅವಳು ಎಳೆದ ಗ್ಲೈಡರೊಂದು ಎಷ್ಟು ನಯವಾಗಿ ಎದ್ದಿತೆಂದರೆ, ಅದರೊಳಗಿದ್ದವರು ಇಳಿದು ಬಂದು ಇವತ್ತು ವಿಂಚಿನಲ್ಲಿ ಯಾರಿದ್ದರು ಎಂದು ವಿಚಾರಿಸಿದರು. ಮಾವನ ಮುಖ ಊರಗಲವಾಯಿತು. ಆದರೆ ಸೊಸೆ ಗೂಡಿನಿಂದ ಇಳಿದವಳು ತಲೆಯೆತ್ತಿ, ಮೇಲೆ ಸದ್ದಿಲ್ಲದೆ ಸುತ್ತುತ್ತಿದ್ದ ಇನ್ನೊಂದು ಗ್ಲೈಡರನ್ನೇ ನೋಡುತ್ತ ನಿಂತುಬಿಟ್ಟಿದ್ದಳು.

"ಮಾವ, ಬೇಜಾರು ಮಾಡ್ಕೋಬೇಡಿ," ಎಂದಳು. "ವಾರವೆಲ್ಲಾ ನಾನು ಎಂಜಿನ್ ಪಕ್ಕಾನೇ ಕೂತಿರ್ತೀನಿ. ಇಲ್ಲಾದ್ರೂ ಹಗ್ಗದ ಆ ತುದೀಲಿ ಕೂರ್ತೀನಿ."

ಮಾವನಿಗೆ ನಗು ತಡೆಯಲಾಗಲಿಲ್ಲ. ಬಲೆ ಬೀಸಿದ್ದು ತಾವು, ಬಿದ್ದದ್ದೂ ತಾವೇ.

ಅವಳಿಗೆ ಕಲಿಸಿದ್ದು ಹದ್ದು ಮೇಡಂ. ಒಂದು ಕಾಲದಲ್ಲಿ ಮಾವನ ಶಿಷ್ಯೆಯಾಗಿದ್ದವರು. ಕೊಕ್ಕಿನಂಥ ಮೂಗು, ಕೊಕ್ಕಿನಂಥದೇ ಮಾತು. ಕಲಿತದ್ದು 'ಅಜ್ಜಿ'ಯಲ್ಲಿ: ಮರದ ಮೈ, ಬಟ್ಟೆ ಹೊದಿಸಿದ ರೆಕ್ಕೆ, ತಲೆಯ ಮೇಲೆ ಗಾಜಿಲ್ಲದೆ ತೆರೆದ, ಇಬ್ಬರು ಅಕ್ಕಪಕ್ಕ ಕೂರುವ ಹಳೆಯ ಗ್ಲೈಡರು. ಮೇಲೆ ಪಾಠ ಮೇಡಮ್ಮಿನದಾದರೆ, ಮನೆಯಲ್ಲಿ ಊಟದ ಮೇಜಿನ ಮೇಲೆ ಮಾವನ ಪಾಠ. ಬೇಕರಿಯ ಮಹಡಿಯ ಮೇಲಿನ ಆ ಅಡುಗೆಮನೆಯಲ್ಲಿ ಚಮಚ ಗ್ಲೈಡರಾಗುತ್ತಿತ್ತು, ತಟ್ಟೆ ಮೈದಾನವಾಗುತ್ತಿತ್ತು, ಮೇಜಿನ ಅಂಚೇ ಪ್ರಪಾತ. ಬನ್ನು ತನ್ನ ತಟ್ಟೆ ಎತ್ತಿಕೊಂಡು ದೂರ ಹೋಗಿ ಕೂರುತ್ತಿದ್ದ. ಅವನಿಗೆ ಎತ್ತರವೆಂದರೆ ಆಗದು. ಸ್ಟೂಲ್ ಹತ್ತಿ ಬಲ್ಬು ಬದಲಿಸುವುದಕ್ಕೂ ಹೆಂಡತಿಯನ್ನು ಕರೆಯುತ್ತಿದ್ದ. ತಾಯಿಯಿಲ್ಲದ ಹುಡುಗ, ಚಿಕ್ಕಂದಿನಲ್ಲಿ ಒಮ್ಮೆ ಅಪ್ಪನ ಜತೆ ಹಾರಿ, ಇಳಿದ ಮೇಲೂ ಎರಡು ದಿನ ಅತ್ತಿದ್ದ. ಅಪ್ಪ ಮತ್ತೆ ಒತ್ತಾಯಿಸಿರಲಿಲ್ಲ, ಆ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

ಮಾವನ ಪಾಠದಲ್ಲಿ ಮತ್ತೆ ಮತ್ತೆ ಬರುತ್ತಿದ್ದದ್ದು ಒಂದು ಎತ್ತರದ ವಿಷಯ. ಅದನ್ನು ಅವರು ಧರ್ಮಸಂಕಟದ ಎತ್ತರ ಎನ್ನುತ್ತಿದ್ದರು. ಅದಕ್ಕಿಂತ ಕೆಳಗೆ ಹಗ್ಗ ಕಡಿದುಹೋದರೆ ನೇರವಾಗಿ ಮುಂದೆ ಇಳಿಯಬಹುದು. ಅದಕ್ಕಿಂತ ಮೇಲೆ ಕಡಿದರೆ ಒಂದು ಸುತ್ತು ಹಾಕಿ ವಾಪಸು ಬರಬಹುದು. ಸರಿಯಾಗಿ ಆ ಎತ್ತರದಲ್ಲೇ ಕಡಿದರೆ ಎರಡೂ ಇಲ್ಲ: ಮುಂದೆ ಮೈದಾನ ಮುಗಿದಿರುತ್ತದೆ, ತಿರುಗಲು ಎತ್ತರ ಸಾಲದು. ಉದ್ದನೆಯ ಮೈದಾನದಲ್ಲಿ ಈ ತಾಪತ್ರಯವಿಲ್ಲ, ಈ ಗಿಡ್ಡ ಪಟ್ಟಿಯ ಹಣೆಬರಹವೇ ಇದು. ಹಾಗಾದರೆ ಏನು ಮಾಡುವುದು ಎಂದು ಸೊಸೆ ಕೇಳಿದಳು. ಮಾವ ಚಮಚದ ಮೂಗನ್ನು ಬಗ್ಗಿಸಿ, ಮೇಜಿನ ಅಂಚು ದಾಟಿಸಿ, ತಮ್ಮ ಮೊಣಕಾಲಿನ ಮೇಲೆ ಮೆಲ್ಲಗೆ ಇಳಿಸಿದರು. ಮೊದಲು ಮೂಗು ಕೆಳಗೆ, ಆಮೇಲೆ ಯೋಚನೆ. ಅಂಚಿನಾಚೆ ಹೋದರೆ ನೆಲವೇ ನಿನ್ನನ್ನು ಬಿಟ್ಟು ಕೆಳಗೆ ಹೋಗುತ್ತದೆ, ಬೇಕಾದಷ್ಟು ಎತ್ತರ ಸಿಗುತ್ತದೆ. ಕಣಿವೆಯಲ್ಲಿ ಕುರಿ ಮೇಯುವ ಹುಲ್ಲುಗಾವಲಿದೆ. ಅಂಚಿಗೆ ಹೆದರಿ ತಿರುಗಿದವರೇ ಕೆಟ್ಟರು ಎಂದರು.

ಅವಳು ಒಬ್ಬಳೇ ಹಾರಲು ಶುರುಮಾಡಿದ ಬೇಸಗೆಯಲ್ಲಿ ಅದು ನಡೆಯಿತು. ಸುಡುವ ಮಧ್ಯಾಹ್ನ. ಬಿಸಿಲಿಗೆ ಗಾಳಿ ಇನ್ನಷ್ಟು ತೆಳುವಾಗಿತ್ತು, ಗಾಳಿಯ ದಿಕ್ಕು ತೋರಿಸಲು ಹ್ಯಾಂಗರಿನ ಮೇಲೆ ಕಟ್ಟಿದ್ದ ಗಾಳಿಚೀಲ ಒದ್ದೆ ಬಟ್ಟೆಯಂತೆ ನೇತುಬಿದ್ದಿತ್ತು. ವಿಂಚಿನಲ್ಲಿ ಮಾವ, ಒಬ್ಬರೇ ಕೂರುವ ಗ್ಲೈಡರಿನಲ್ಲಿ ಸೊಸೆ. ಹೊರಡುವಾಗ ಎಲ್ಲ ಸರಿಯಾಗಿಯೇ ಇತ್ತು. ಚಕ್ರ ನೆಲ ಬಿಟ್ಟಿತು, ಮೂಗು ಆಕಾಶಕ್ಕೆ ತಿರುಗಿತು, ವೇಗ ಬೆನ್ನನ್ನು ಸೀಟಿಗೆ ಒತ್ತಿತು. ಆಗ ಬಿಸಿಗಾಳಿಯ ಗುದ್ದೊಂದು ರೆಕ್ಕೆಗೆ ತಗುಲಿತು. ಹಗ್ಗದ ತುದಿಯಲ್ಲಿ ಒಂದು ಸಣ್ಣ ಕೊಂಡಿಯಿರುತ್ತದೆ. ಎಳೆತ ಮಿತಿ ಮೀರಿದರೆ ರೆಕ್ಕೆಯ ಬದಲು ತಾನು ಮುರಿಯಲಿ ಎಂದೇ ಇಟ್ಟದ್ದು. ಅದು ತನ್ನ ಕೆಲಸ ಮಾಡಿತು. ಮಾಡಿದ್ದು ಸರಿಯಾಗಿ ಧರ್ಮಸಂಕಟದ ಎತ್ತರದಲ್ಲಿ.

ಟಪ್ ಎಂಬ ಸದ್ದಾದ ಮೇಲೆ ಒಮ್ಮೆಲೇ ಎಲ್ಲ ಮೌನವಾಯಿತೆಂದು ಸೊಸೆ ಆಮೇಲೆ ಹೇಳುತ್ತಿದ್ದಳು. ಅವಳ ಕೈ ತಾನಾಗಿ ಗ್ಲೈಡರನ್ನು ನಡೆಸುವ ಕೋಲನ್ನು ಮುಂದಕ್ಕೆ ನೂಕಿತು. ಮೂಗು ಇಳಿಯಿತು, ಸತ್ತುಹೋಗಿದ್ದ ವೇಗ ಮತ್ತೆ ಜೀವ ಪಡೆಯಿತು. ಕಣ್ಣೆದುರು ಕಂಡದ್ದು ಒಂದು ತುಂಡು ಹುಲ್ಲು, ವಿಂಚಿನ ಗೂಡು, ಅದರಾಚೆ ಬರೀ ನೀಲಿ. ಎಡಕ್ಕೆ ತಿರುಗಬೇಕೆಂದು ಮೈಯೆಲ್ಲ ಕೂಗುತ್ತಿತ್ತು. ಅವಳು ತಿರುಗಲಿಲ್ಲ. ಮಾವನ ತಲೆಯ ಮೇಲಿಂದ ಹಾದು ಅಂಚಿನಾಚೆ ಹೋದಳು.

ಆಚೆ ಹೋದದ್ದೇ ತಡ, ಕಣಿವೆ ಬಾಯಿ ತೆರೆಯಿತು. ಮಾವ ಹೇಳಿದ ಹಾಗೆಯೇ ನೆಲ ದೂರ ದೂರ ಸರಿಯಿತು. ಈಗ ಕೈಯಲ್ಲಿ ಎತ್ತರವೂ ಇತ್ತು, ಯೋಚಿಸಲು ವ್ಯವಧಾನವೂ ಇತ್ತು. ಅವಳು ಹುಲ್ಲುಗಾವಲನ್ನು ಹುಡುಕಿ, ಒಂದು ಸುತ್ತು ಹಾಕಿ, ಕುರಿಗಳಿಲ್ಲದ ಪಕ್ಕ ನೋಡಿ ಇಳಿಸಿದಳು. ಗ್ಲೈಡರು ಕುಲುಕಾಡಿ ನಿಂತಿತು. ಒಂದು ಕುರಿ ಬಂದು ರೆಕ್ಕೆಯ ತುದಿಯನ್ನು ಮೂಸಿತು. ಅವಳು ಇಳಿದವಳೇ ಮೇಲಕ್ಕೆ ನೋಡಿ ಎರಡೂ ಕೈ ಬೀಸಿದಳು, ಅಂಚಿನಲ್ಲಿ ಯಾರು ನಿಂತಿರುತ್ತಾರೆಂದು ಅವಳಿಗೆ ಗೊತ್ತಿತ್ತು. ಅಷ್ಟು ಎತ್ತರದಲ್ಲಿ ಕಡ್ಡಿಯಂಥ ಆಕೃತಿಯೊಂದು ಕೈಯೆತ್ತಿತು. ಆಮೇಲೆ ಅಲ್ಲೇ ಕೂತುಕೊಂಡಿತು. ಮಾವ ನಿರಾಳವಾಗಿ ಕೂತರೆಂದುಕೊಂಡು ಅವಳು ನಕ್ಕಳು.

ಗ್ಲೈಡರನ್ನು ಒಯ್ಯುವ ಗಾಡಿ ಬರಲಿಲ್ಲ. ಬಹಳ ಹೊತ್ತಿನ ಮೇಲೆ ಬೇಕರಿಯ ವ್ಯಾನು ಬಂತು. ಬನ್ನು ಏಪ್ರನ್ನಿನಲ್ಲೇ ಇದ್ದ, ಮೊಣಕೈತನಕ ಹಿಟ್ಟು. ಅವಳ ತೋಳು, ಭುಜ, ಕೆನ್ನೆಗಳನ್ನು ಮುಟ್ಟಿ ಮುಟ್ಟಿ ನೋಡಿದ. ಅವಳ ಮೈಯೆಲ್ಲ ಹಿಟ್ಟಾಯಿತು.

"ನಿನಗೇನೂ ಆಗಿಲ್ಲ ತಾನೇ?" ಎಂದ. "ಅಪ್ಪ ಆಸ್ಪತ್ರೇಲಿದ್ದಾರೆ."

ಗ್ಲೈಡರು ಅಂಚಿನ ಕೆಳಗೆ ಮರೆಯಾದಾಗ ಅವರು ಅಭ್ಯಾಸಬಲದಿಂದ ಎಂಜಿನ್ ಆರಿಸಿದ್ದರು, ಗೂಡಿನ ಬಾಗಿಲನ್ನೂ ಮುಚ್ಚಿದ್ದರು. ಆಮೇಲೆ ಹುಲ್ಲುಗಾವಲು ಕಾಣುವ ಜಾಗದ ತನಕ ಅಂಚಿನುದ್ದಕ್ಕೂ ಓಡಿದ್ದರು. ಆ ಎತ್ತರದಲ್ಲಿ ಹರೆಯದವರು ಓಡಿದರೂ ಉಸಿರು ಕಟ್ಟುತ್ತದೆ. ಕ್ಲಬ್ಬಿನ ಮೆಕ್ಯಾನಿಕ್, ಎಲ್ಲರೂ ಸ್ಪ್ಯಾನರ್ ಎಂದು ಕರೆಯುವವನು, ಹೋಗಿ ನೋಡುವಾಗ ಮಾವ ಹುಲ್ಲಿನ ಮೇಲೆ ಕೂತು, ಎದೆ ಹಿಡಿದುಕೊಂಡು, ಕೆಳಗೆ ಬೊಟ್ಟು ಮಾಡಿ ತೋರಿಸುತ್ತಿದ್ದರಂತೆ. ನೋಡು, ಹೇಗೆ ಇಳಿಸಿದ್ದಾಳೆ ನೋಡು, ಎನ್ನುತ್ತಿದ್ದರಂತೆ.

ಆಸ್ಪತ್ರೆಯಲ್ಲಿ ಅವರು ದಿಂಬಿಗೊರಗಿ ಮಲಗಿದ್ದರು. ಎದೆಯಿಂದ ತಂತಿಗಳು ಹೊರಟು ಪಕ್ಕದ ಪರದೆಯ ಮೇಲೆ ಗೆರೆಯಾಗಿ ಕುಣಿಯುತ್ತಿದ್ದವು. ಸೊಸೆ ಬಾಗಿಲಲ್ಲೇ ನಿಂತಳು. ಒಳಗೆ ಕಾಲಿಡಲು ಅವಳಿಗೆ ಆಗಲಿಲ್ಲ.

"ಬಾಮ್ಮ," ಎಂದರು ಮಾವ. "ಮೂಗು ಎಷ್ಟು ಬೇಗ ಇಳಿಸಿದೆ?"

"ಕೂಡ್ಲೇ."

"ಗೊತ್ತಾಯ್ತು, ಕೆಳಗಿಂದ ಕಾಣ್ತಿತ್ತು." ಸ್ವಲ್ಪ ಹೊತ್ತು ಉಸಿರಾಡಿಕೊಂಡರು. "ನೀನು ಬೀಳ್ತೀಯ ಅಂತ ಓಡಿದ್ದಲ್ಲ ನಾನು. ಚೆನ್ನಾಗಿ ಇಳಿಸ್ತೀಯ ಅಂತ ಗೊತ್ತಿತ್ತು. ಅದನ್ನ ನೋಡೋಣ ಅಂತ ಓಡಿದೆ."

ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ. ಹೇಳುವಾಗ ಕಿಟಕಿಯ ಕಡೆ ನೋಡುತ್ತಿದ್ದರು. ಸೊಸೆ ಮಂಚದ ಅಂಚಿನಲ್ಲಿ ಕೂತು, ಅವರ ಅಂಗೈಯನ್ನು ತನ್ನ ಹಣೆಗೊತ್ತಿಕೊಂಡು ಅತ್ತಳು. ಹಣೆಯ ಹಿಟ್ಟು ಅವರ ಕೈಗೂ ಹತ್ತಿತು.

ಡಾಕ್ಟರು ಮಾವನನ್ನು ಮನೆಗೆ ಕಳಿಸುವಾಗ ಓಡಬಾರದು, ಭಾರ ಎತ್ತಬಾರದು, ವಿಂಚಿನ ಕಡೆ ತಲೆ ಹಾಕಬಾರದು ಎಂದರು. ಸುಮ್ಮನೆ ಕೂತಿರಬೇಕು, ಅದೊಂದೇ ಕೆಲಸ. ಮಾವ ಬೇಕರಿಯ ಗಲ್ಲಾಪೆಟ್ಟಿಗೆಯ ಹಿಂದೆ ಸುಮ್ಮನೆ ಕೂತರು. ಕಣ್ಣೆಲ್ಲ ಬಾಗಿಲಾಚೆಯ ಆಕಾಶದ ತುಂಡಿನ ಮೇಲೆ. ರಸ್ಕ್ ಕೇಳಿದವರಿಗೆ ಕೇಕು ಕೊಟ್ಟರು, ಕೇಕು ಕೇಳಿದವರಿಗೆ ನಾಳೆ ಗಾಳಿ ಬೀಳುತ್ತದೆ ಎಂದರು. ಗಿರಾಕಿಗಳು ಕೊಟ್ಟದ್ದನ್ನು ಒಯ್ದರು. ಅವರಲ್ಲಿ ಅರ್ಧ ಮಂದಿ ಒಂದಲ್ಲ ಒಂದು ಕಾಲಕ್ಕೆ ಅವರ ಪಕ್ಕದಲ್ಲಿ ಕೂತು ಹಾರಿದವರು.

ಸೊಸೆ ಮೈದಾನಕ್ಕೆ ಹೋಗುವುದನ್ನು ನಿಲ್ಲಿಸಿದಳು. ರಜೆಯ ದಿನ ಬಟ್ಟೆ ಒಗೆದಳು, ಓವನ್ನಿನ ತಟ್ಟೆಗಳನ್ನು ತಿಕ್ಕಿದಳು, ಮಹಡಿಯ ಕಿಟಕಿಗಳಿಗೆಲ್ಲ ಬಣ್ಣ ಬಳಿದಳು. ಮಾವ ಮೊದಮೊದಲು ಗಮನಿಸದವರಂತಿದ್ದರು. ಒಂದು ದಿನ, ಹದವಾದ ಗಾಳಿ ಬೀಸುತ್ತಿದ್ದ ಒಂದು ಬೆಳಗ್ಗೆ, ಅವಳು ಮೆಟ್ಟಿಲು ಒರೆಸುತ್ತಿದ್ದಾಗ ಮೇಲಿನಿಂದ ಇಳಿದುಬಂದು ಅವಳ ಎದುರಿನ ಮೆಟ್ಟಿಲ ಮೇಲೆ ಕೂತರು. ಆ ಮನೆಗೆ ಬಂದಂದಿನಿಂದ ಅವರು ಸಿಟ್ಟಾದದ್ದನ್ನು ಅವಳು ನೋಡಿರಲಿಲ್ಲ. ಅಂದು ನೋಡಿದಳು.

"ನನ್ನ ಹೆಸರು ಹೇಳಿ ನೀನು ಕೆಳಗೆ ಕೂರಬೇಡ," ಎಂದರು. "ಆ ಪಾಪ ನನಗೆ ಬೇಡ."

"ನೀವು ಮತ್ತೆ ಓಡಿದ್ರೆ?"

"ಓಡಲ್ಲ. ಮನೇಲೇ ಇರ್ತೀನಿ."

"ಮನೇಲಿದ್ದು ಏನ್ಮಾಡ್ತೀರಿ? ಕೇಕು ಕೇಳಿದವರಿಗೆ ಗಾಳಿ ಮಾರ್ತೀರಾ?"

ಮಾವ ತುಟಿ ಬಿಗಿಹಿಡಿದರು. ನಗು ಬರುವುದರಲ್ಲಿತ್ತು.

ಸೊಸೆ ಒರೆಸುವ ಬಟ್ಟೆಯನ್ನು ಬಕೆಟ್ಟಿಗೆ ಹಾಕಿದಳು. "ಒಂದು ಕೆಲಸ ಮಾಡೋಣ. ನಾನು ಹೋಗ್ತೀನಿ. ಆದ್ರೆ ನೀವೂ ಬರ್ಬೇಕು. ನನ್ನ ಪಕ್ಕದಲ್ಲಿ ಕೂತು."

ಲೈಸೆನ್ಸು ಹೋದ ಮೇಲೆ ಎಷ್ಟೋ ಜನ ಹಾಗೆ ಕರೆದಿದ್ದರು. ಮಾವ ಯಾರಿಗೂ ಒಪ್ಪಿರಲಿಲ್ಲ. ಸಾಮಾನಿನ ಮೂಟೆಯಂತೆ ಕೂತು ಹೋಗುವುದಕ್ಕಿಂತ ನೆಲವೇ ವಾಸಿ ಎನ್ನುತ್ತಿದ್ದರು. ಈಗಲೂ ಅದನ್ನೇ ಹೇಳಿದರು.

"ಮೂಟೆ ಅಂತಾನೇ ಇಟ್ಕೊಳ್ಳಿ," ಎಂದಳು ಸೊಸೆ. "ನನಗೆ ಬೇಕಾದ ಮೂಟೆ ಅದು."

ಮಾವ ಬಕೆಟ್ಟಿನ ಹಿಡಿ ಹಿಡಿದು ಏಳಲು ನೋಡಿದರು. ಭಾರ ಎತ್ತಬಾರದೆಂದು ಅವಳು ಗದರಿದಳು. ಬಿಟ್ಟು, ಬರೀ ಕೈಯಲ್ಲಿ ಮೇಲೆ ಹೋದರು. ಒಪ್ಪಿದರೆಂದು ಅವಳಿಗೆ ಅದರಿಂದಲೇ ಗೊತ್ತಾಯಿತು.

ಹೇಳಿದಷ್ಟು ಸುಲಭವಾಗಿರಲಿಲ್ಲ. ಬೇರೆಯವರನ್ನು ಕೂರಿಸಿಕೊಂಡು ಹಾರಲು ಅವಳಿಗೆ ಇನ್ನೂ ಅನುಮತಿಯಿರಲಿಲ್ಲ. ಹದ್ದು ಮೇಡಂ ಚಳಿಗಾಲ ಪೂರ್ತಿ ಅವಳನ್ನು ಅಜ್ಜಿಯಲ್ಲಿ ಕೂರಿಸಿಕೊಂಡು ಅರೆದು ಕುಡಿಸಿದರು. ಗುರುಗಳನ್ನು ಕೂರಿಸಿಕೊಳ್ಳುವವಳಿಗೆ ರಿಯಾಯಿತಿಯಿಲ್ಲ ಎಂದರು. ಡಾಕ್ಟರ ಹತ್ತಿರ ಅವಳೇ ಹೋಗಿ, ಏನನ್ನೂ ಮುಚ್ಚಿಡದೆ, ಹೇಗೆ ಎಳೆಯುತ್ತಾರೆ, ಎಷ್ಟು ಎತ್ತರ, ಎಷ್ಟು ಹೊತ್ತು ಎಲ್ಲ ಹೇಳಿ ಕೇಳಿದಳು. ಡಾಕ್ಟರು ಪೆನ್ನು ತಿರುಗಿಸುತ್ತ ಬಹಳ ಯೋಚಿಸಿದರು. ಕೂರುವುದಕ್ಕೆ ಅಡ್ಡಿಯಿಲ್ಲ, ಆದರೆ ಆ ಮನುಷ್ಯ ಅಲ್ಲಿ ಸುಮ್ಮನೆ ಕೂರುತ್ತಾರೆಯೇ ಎಂಬುದೇ ಅನುಮಾನ ಎಂದರು. ಮತ್ತೆ ಪರೀಕ್ಷೆಗಳಾದವು. ಚಳಿ ಇಳಿದ ಮೇಲೆ, ಮೈದಾನದಿಂದ ತೀರಾ ಮೇಲಕ್ಕೆ ಹೋಗದಿದ್ದರೆ, ಸ್ವಲ್ಪ ಹೊತ್ತು ಮಾತ್ರ, ಆಗಬಹುದು ಎಂದರು.

ಅಷ್ಟರಲ್ಲಿ ವಿಂಚಿನ ಎಂಜಿನ್ ಕೈಕೊಟ್ಟಿತು. ಸ್ಪ್ಯಾನರ್ ಅದನ್ನು ಬಿಚ್ಚಿ ಹ್ಯಾಂಗರಿನ ನೆಲದ ತುಂಬ ಹರಡಿದ. ಬೇಕಾದ ಭಾಗ ಬರಲು ತಿಂಗಳುಗಳೇ ಆಗುತ್ತಿತ್ತು. ಡಾಕ್ಟರು ಕೊಟ್ಟರೂ ವಿಂಚು ಕೊಡಲಿಲ್ಲವಲ್ಲ ಎಂದು ಮಾವ ತಮಾಷೆ ಮಾಡಿದರು, ಆದರೆ ಅಂದು ಸಂಜೆ ಬೇಗ ಮಲಗಿದರು. ಮಾರನೆಯ ದಿನ ಸ್ಪ್ಯಾನರ್ ಹ್ಯಾಂಗರಿನ ಅಟ್ಟ ಹತ್ತಿ, ಧೂಳು ಹಿಡಿದ ಒಂದು ದಪ್ಪ ಸಿಂಬೆಯನ್ನು ಕೆಳಗೆ ಎಸೆದ. ಅದು ರಬ್ಬರ್ ಹಗ್ಗ. ವಿಂಚು ಬರುವ ಮುಂಚೆ, ಕ್ಲಬ್ಬಿನ ಮೊದಲ ದಿನಗಳಲ್ಲಿ, ಜನ ಅದರಿಂದಲೇ ಹಾರುತ್ತಿದ್ದರು. ಹಗ್ಗದ ನಡುವಿನ ಬಳೆಯನ್ನು ಗ್ಲೈಡರಿನ ಮೂಗಿಗೆ ಸಿಕ್ಕಿಸಿ, ಎರಡೂ ತುದಿಗಳನ್ನು ಹಿಡಿದು ಜನ ಇಳಿಜಾರಿನಲ್ಲಿ ಅಂಚಿನ ಕಡೆಗೆ ಓಡಬೇಕು. ಹಿಂದೆ ಒಬ್ಬ ಬಾಲ ಹಿಡಿದು ನಿಂತಿರುತ್ತಾನೆ. ಹಗ್ಗ ಬಿಗಿದು ಇನ್ನಾಗದು ಎಂಬಷ್ಟಾದಾಗ ಬಾಲ ಬಿಡುತ್ತಾನೆ. ಕವಣೆಯ ಕಲ್ಲಿನಂತೆ ಗ್ಲೈಡರು ಹಾರುತ್ತದೆ. ಕಣಿವೆಯಿಂದ ಮೇಲಕ್ಕೆ ಬೀಸುವ ಜೋರು ಗಾಳಿ ಬೇಕು, ಗಟ್ಟಿ ಕಾಲುಗಳು ಬೇಕು. ಓಡುದಾರಿ ಬೇಡ. ಸ್ಪ್ಯಾನರ್ ಹೊಸ ರಬ್ಬರು ತರಿಸಿ ಹಗ್ಗವನ್ನು ಮತ್ತೆ ಹೊಸೆದ. ಹದ್ದು ಮೇಡಂ ಮೊದಲು ತಾವೇ ಅಜ್ಜಿಯಲ್ಲಿ ಕೂತು, ಆಮೇಲೆ ಸೊಸೆಯನ್ನೂ ಕೂರಿಸಿಕೊಂಡು, ಹಲವು ಸಲ ಹಾಗೆ ಹಾರಿ ನೋಡಿದರು.

ಗಾಳಿ ಕೂಡಿಬಂದ ರಜೆಯ ದಿನ ಬೆಳಗ್ಗೆ ಎಳೆಯಲು ಜನ ಬಂದರು. ಬಸ್ ಡಿಪೋದ ಡ್ರೈವರುಗಳು, ಹಾಲಿನ ವ್ಯಾನಿನ ಅಣ್ಣ, ಬೆಟ್ಟದ ಮನೆಮನೆಗೆ ಹತ್ತಿಳಿದು ಕಾಗದ ಹಂಚುವ ಅಂಚೆಯಕ್ಕ. ಲೆಕ್ಕ ಹಾಕಿದರೆ ಎಡಗಡೆ ಒಬ್ಬರು ಕಮ್ಮಿ. ಆಗ ಬೇಕರಿಯ ವ್ಯಾನು ಬಂತು. ಬನ್ನು ಇಳಿದು, ಏಪ್ರನ್ ಬಿಚ್ಚಿ ಸೀಟಿನ ಮೇಲೆ ಮಡಚಿಟ್ಟ. ಸ್ಪ್ಯಾನರ್ ಅವನ ಕಷ್ಟ ಬಲ್ಲವನು. ಬಾಲ ಹಿಡಿ ಬಾ, ಅಂಚಿನಿಂದ ದೂರ, ನಾನು ಹಗ್ಗಕ್ಕೆ ಹೋಗುತ್ತೇನೆ ಎಂದ. ಬನ್ನು ಬೇಡವೆಂದು ತಲೆಯಾಡಿಸಿ ಎಡಗಡೆಯ ಹಗ್ಗದತ್ತ ನಡೆದ. ಅವನ ಮುಖ ಅವನ ಹಿಟ್ಟಿಗಿಂತ ಬೆಳ್ಳಗಿತ್ತು. ಅಂಚೆಯಕ್ಕ ಅವನನ್ನು ತನ್ನ ಹಿಂದೆ ನಿಲ್ಲಿಸಿಕೊಂಡಳು.

"ನನ್ನ ಬೆನ್ನು ಬಿಟ್ಟು ಬೇರೇನೂ ನೋಡಬೇಡ," ಎಂದಳು. "ನಾನು ಬಿದ್ರೆ ನೀನೂ ಬೀಳು."

ಅಜ್ಜಿಯ ತೆರೆದ ಗೂಡಿನಲ್ಲಿ ಮಾವ ಮತ್ತು ಸೊಸೆ ಭುಜಕ್ಕೆ ಭುಜ ತಾಗಿಸಿ ಕೂತರು. ಸೊಸೆ ಅವರ ಬೆಲ್ಟನ್ನು ತಾನೇ ಬಿಗಿದಳು, ಕಿವಿ ಮುಚ್ಚುವಂತೆ ಟೋಪಿ ಎಳೆದಳು. ಮಾವ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಅವುಗಳ ಮೇಲೆ ಕೂತರು. ಅಪ್ಪಿತಪ್ಪಿಯೂ ಕೋಲಿಗೆ ಕೈ ಹೋಗಬಾರದಲ್ಲ. ಅವಳು ಅದನ್ನು ಓರೆಗಣ್ಣಿನಲ್ಲಿ ನೋಡಿದಳು. ಆಮೇಲೆ ತನ್ನ ಬೆಲ್ಟನ್ನೂ ಬಿಗಿದುಕೊಂಡು ಮುಂದೆ ನೋಡಿದಳು.

ರೆಕ್ಕೆಯ ತುದಿ ಹಿಡಿದಿದ್ದ ಹದ್ದು ಮೇಡಂ "ನಡೀರಿ" ಎಂದರು. ಎರಡು ಸಾಲು ಜನ ಇಳಿಜಾರಿನಲ್ಲಿ ಹೆಜ್ಜೆ ಹಾಕಿದರು. "ಓಡಿ" ಎಂದರು.

ಎಲ್ಲರೂ ಓಡಿದರು. ತೆಳು ಗಾಳಿಯಲ್ಲಿ ಬಾಯಿ ತೆರೆದು, ಹುಲ್ಲಿನಲ್ಲಿ ಜಾರುತ್ತ, ಹಗ್ಗವನ್ನು ಸೊಂಟಕ್ಕೊತ್ತಿಕೊಂಡು ಓಡಿದರು. ಸೊಸೆಯ ಕಣ್ಣು ಎಡಗಡೆಯ ಸಾಲಿನ ಕೊನೆಯವನ ಮೇಲಿತ್ತು. ಅವನು ಓಡುತ್ತಿದ್ದದ್ದು ಆ ಅಂಚಿನ ಕಡೆಗೇ. ಒಂದು ಸಲವೂ ನಿಧಾನಿಸಲಿಲ್ಲ. ಹಗ್ಗ ಬಿಗಿಯಿತು, ಅಜ್ಜಿಯ ಮರದ ಮೈ ಕಿರುಗುಟ್ಟಿತು.

"ಬಿಡಿ."

ಸ್ಪ್ಯಾನರ್ ಬಾಲ ಬಿಟ್ಟ. ನೆಲ ಎರಡು ಸಲ ಕುಟ್ಟಿ ಸುಮ್ಮನಾಯಿತು. ಓಡುತ್ತಿದ್ದವರು ಎರಡೂ ಬದಿಗೆ ಬೋರಲು ಬಿದ್ದದ್ದು ಕಂಡಿತು. ಬಳೆ ಕಳಚಿ ಬಿತ್ತು, ಅಂಚು ಹಿಂದಾಯಿತು. ಕಣಿವೆಯ ಗಾಳಿ ಕೆಳಗಿನಿಂದ ಬಂದು, ಎಳೆಗೂಸನ್ನು ಎತ್ತಿಕೊಳ್ಳುವ ಹಾಗೆ, ಇಬ್ಬರನ್ನೂ ಎತ್ತಿಕೊಂಡಿತು.

ಗಾಳಿ ತಂತಿಗಳಲ್ಲಿ ಗುನುಗುತ್ತಿತ್ತು. ಅವಳು ಬೆಟ್ಟದ ಮೈಗುಂಟ ಅತ್ತಿಂದಿತ್ತ ಹಾರಿಸಿದಳು. ಆಮೇಲೆ, ಬೇಕಿದ್ದರೆ ಸ್ವಲ್ಪ ಹಿಡಿದುಕೊಳ್ಳಿ ಎಂದು ಮಾವನಿಗೆ ಕೋಲು ತೋರಿಸಿದಳು. ಅವರು ಕೈ ಹೊರತೆಗೆಯಲಿಲ್ಲ.

"ಬೇಡಮ್ಮ," ಎಂದರು. "ಇಷ್ಟು ವರ್ಷ ಹಾರಿದೆ, ಕಣ್ಣೆಲ್ಲ ಮೀಟರಿನ ಸೂಜಿ ಮೇಲೆ, ಪಕ್ಕದ ಹುಡುಗರ ಕೈ ಮೇಲೆ. ಇವತ್ತೇ ನಾನು ಊರು ನೋಡ್ತಿರೋದು."

ಅವರು ನಿಜವಾಗಿಯೂ ನೋಡುತ್ತಿದ್ದರು. ಬೇಕರಿಯ ಚಿಮಣಿ ತೋರಿಸಿದರು. ಸೊಸೆ ಬಣ್ಣ ಬಳಿದ ಕಿಟಕಿಗಳು ಇಲ್ಲಿಂದಲೂ ಕಾಣುತ್ತವೆ ಎಂದರು. ಆಮೇಲೆ ಅವರ ನೋಟ ಬೆಟ್ಟದ ಇನ್ನೊಂದು ಮೈಗೆ ಹೋಯಿತು. ಅಲ್ಲಿ ರಸ್ತೆಯೊಂದು ಬಂಡೆಗಳ ನಡುವೆ ಹಾವಿನಂತೆ ಸುತ್ತಿ ಸುತ್ತಿ ಇಳಿಯುತ್ತಿತ್ತು, ಒಂದು ಬದಿ ಗೋಡೆಯಂಥ ಬೆಟ್ಟ, ಇನ್ನೊಂದು ಬದಿ ಏನೂ ಇಲ್ಲ. ಒಂದು ಕೆಂಪು ಬಸ್ಸು ಕಡ್ಡಿಪೆಟ್ಟಿಗೆಯಂತೆ ತಿರುವಿನಲ್ಲಿ ಹೊರಳುತ್ತಿತ್ತು.

"ಅದೇನಾ ನಿನ್ನ ದಾರಿ?"

"ಹೌದು ಮಾವ."

"ದಿನಾ?"

"ದಿನಾ."

ಮಾವ ಆ ಬಸ್ಸು ಮರೆಯಾಗುವ ತನಕ ನೋಡಿದರು. ಆಮೇಲೆ ತೊಡೆಯ ಕೆಳಗಿನಿಂದ ಒಂದು ಕೈ ತೆಗೆದು ಅವಳ ತೋಳಿನ ಮೇಲಿಟ್ಟರು.

"ನಾನು ಹೆದರಬೇಕಾಗಿದ್ದದ್ದು ಆ ದಾರಿಗೆ ಕಣಮ್ಮ," ಎಂದರು. "ಮೇಲೆ ನೋಡ್ತಾ ಕೂತುಬಿಟ್ಟೆ. ಅದರ ಬಗ್ಗೆ ಒಂದು ದಿನಾನೂ ಕೇಳಲಿಲ್ಲ ನಿನ್ನ."

ರೂಢಿಯಾಗಿಬಿಟ್ಟಿದೆ ಮಾವ ಎಂದಳು. ಮಂಜು ಬಿದ್ದ ದಿನ ಮಾತ್ರ ಕೈ ನಡುಗುತ್ತದೆ ಎಂದು, ಗಂಡನಿಗೂ ಹೇಳಿರದ ಮಾತನ್ನು ಹೇಳಿದಳು. ಮಾವ ಹೂಂಗುಟ್ಟಿದರು. ಯಾವ ತಿರುವಿನಲ್ಲಿ ಎಂದು ಕೇಳಿದರು. ಅವಳು ಒಂದೊಂದನ್ನೇ ತೋರಿಸುತ್ತ ಹೋದಳು, ಇಲ್ಲಿ ಕಲ್ಲು ಉರುಳುತ್ತದೆ, ಇಲ್ಲಿ ಎದುರು ಬರುವ ಲಾರಿ ಕಾಣುವುದಿಲ್ಲ, ಇಲ್ಲಿ ಒಬ್ಬ ಅಜ್ಜ ಕೈ ತೋರಿಸಿದರೆ ನಿಲ್ಲಿಸಲೇಬೇಕು. ಅವರು ಪಾಠ ಕೇಳುವವರಂತೆ ಕೇಳಿದರು.

ಡಾಕ್ಟರು ಕೊಟ್ಟ ಹೊತ್ತು ಮೀರುವ ಮೊದಲೇ ಅವಳು ತಿರುಗಿ, ಹುಲ್ಲಿನ ಪಟ್ಟಿಯ ಮೇಲೆ ಇಳಿಸಿದಳು. ಗಿಡ್ಡ ಜಾಗ, ಒಂದು ಸಣ್ಣ ನೆಗೆತ. ಅಜ್ಜಿ ಹ್ಯಾಂಗರಿನ ಮುಂದೆ ನಿಂತಳು. ಹದ್ದು ಮೇಡಂ ನೆಗೆತದ ಬಗ್ಗೆ ಎರಡು ಮಾತು ಆಡಿ, ಮುಖ ಆಚೆ ತಿರುಗಿಸಿ ಮೂಗು ಒರೆಸಿಕೊಂಡರು.

ಬನ್ನು ಎಲ್ಲಿ ಎಂದು ಮಾವ ಕೇಳಿದರು. ಅಂಚೆಯಕ್ಕ ಇಳಿಜಾರಿನ ಕಡೆ ತೋರಿಸಿದಳು. ಬಿದ್ದಲ್ಲೇ ಇದ್ದ, ಮಗುಚಿಕೊಂಡು ಅಂಗಾತ ಮಲಗಿದ್ದ, ಎರಡೂ ಮುಷ್ಟಿಯಲ್ಲಿ ಹುಲ್ಲು. ಎಬ್ಬಿಸಲು ಹೋದವರನ್ನೆಲ್ಲ ವಾಪಸು ಕಳಿಸಿದ್ದನಂತೆ. ಮಾವ ನಿಧಾನವಾಗಿ ಇಳಿದುಹೋಗಿ ಅವನ ಪಕ್ಕದಲ್ಲಿ ತಾವೂ ಅಂಗಾತ ಮಲಗಿದರು. ಸೊಸೆ ಸ್ವಲ್ಪ ಹಿಂದೆ ನಿಂತಳು.

"ಎಡಗಡೆ ಎಳೆತ ಜೋರಿತ್ತು," ಎಂದರು ಮಾವ. "ಗ್ಲೈಡರು ಬಲಕ್ಕೆ ಬರ್ತಾನೇ ಇರ್ಲಿಲ್ಲ."

"ಸುಳ್ಳು ಹೇಳ್ಬೇಡಿ ಅಪ್ಪ."

"ಸರಿ, ಹೇಳಲ್ಲ."

ಇಬ್ಬರೂ ಮಲಗಿಯೇ ಇದ್ದರು. ಸ್ವಲ್ಪ ಹೊತ್ತಿನ ಮೇಲೆ ಬನ್ನು ಮುಷ್ಟಿ ಸಡಿಲಿಸಿದ. ಅಪ್ಪನ ಕೈ ಹಿಡಿದು ಎದ್ದ. ಇಬ್ಬರೂ ಒಬ್ಬರನ್ನೊಬ್ಬರು ಆತುಕೊಂಡು ಮೇಲೆ ನಡೆದು ಬಂದರು. ಯಾರು ಯಾರನ್ನು ಹಿಡಿದಿದ್ದರೋ ಹೇಳುವುದು ಕಷ್ಟವಾಗಿತ್ತು.

ವಿಂಚಿನ ಎಂಜಿನ್ ಮಳೆಗಾಲ ಮುಗಿದ ಮೇಲೆ ಸರಿಯಾಯಿತು. ಅದರ ಪೆಡಲು ತುಳಿಯಲು ಡಿಪೋದ ಡ್ರೈವರೊಬ್ಬ ಒಪ್ಪಿದ. ಒಳ್ಳೆ ಗಾಳಿಯ ರಜೆಯ ದಿನಗಳಲ್ಲಿ ಮಾವ ಸೊಸೆಯ ಪಕ್ಕದಲ್ಲಿ ಕೂತು ಹಾರುತ್ತಿದ್ದರು. ಬನ್ನು ಮತ್ತೆ ಹಗ್ಗ ಹಿಡಿಯಲಿಲ್ಲ, ಯಾರೂ ಕೇಳಲೂ ಇಲ್ಲ. ಎಳೆದವರಿಗೆಲ್ಲ ಬ್ರೆಡ್ಡು ಕಳಿಸುತ್ತಿದ್ದ.

ಆದರೆ ಅದೆಲ್ಲ ಆಮೇಲಿನ ಮಾತು. ಆ ಮೊದಲ ಹಾರಾಟದ ಮಾರನೆಯ ಮುಂಜಾನೆ ಸೊಸೆ ಡಿಪೋದಿಂದ ಬಸ್ಸು ತಂದು ನಿಲ್ದಾಣದಲ್ಲಿ ನಿಲ್ಲಿಸಿದಾಗ, ಮಾವ ಟೋಪಿ ಹಾಕಿಕೊಂಡು ಅಲ್ಲಿ ನಿಂತಿದ್ದರು. ಎಲ್ಲರ ಹಾಗೆ ಟಿಕೆಟ್ ಕೊಂಡು, ಅವಳ ಹಿಂದಿನ ಸೀಟಿನಲ್ಲಿ ಕೂತರು. ಇಳಿಯುವಾಗ ಪ್ರತಿ ತಿರುವಿನಲ್ಲೂ ಮುಂದಿನ ಕಂಬಿಯನ್ನು ಬಿಗಿಯಾಗಿ ಹಿಡಿದಿದ್ದರು. ಬುಡದ ನಿಲ್ದಾಣದಲ್ಲಿ ಇಬ್ಬರೂ ನಿಂತುಕೊಂಡೇ ಚಹಾ ಕುಡಿದರು. ಲಾರಿ ಕಾಣದ ಆ ತಿರುವಿನಲ್ಲಿ ಹಾರ್ನ್ ಇನ್ನೂ ಮೊದಲೇ ಹೊಡೆಯಬಹುದಲ್ಲ ಎಂದು ಕೇಳಿದರು. ಮುಂದೆ ಹಾಗೆಯೇ ಮಾಡುತ್ತೇನೆ ಎಂದು ಅವಳು ಒಪ್ಪಿಕೊಂಡಳು.

ವಾಪಸು ಹತ್ತುವಾಗ ಕನ್ನಡಿಯಲ್ಲಿ ನೋಡಿದರೆ ಅವರು ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗಿದ್ದರು. ಅವಳು ಗೇರು ಇಳಿಸಿ, ತಿರುವುಗಳನ್ನು ಮೆಲ್ಲ ಮೆಲ್ಲಗೆ ತೆಗೆದುಕೊಂಡಳು. ಹಿಂದೆ ಕೂತಿದ್ದ ಗಡಿಬಿಡಿಯ ಹೆಂಗಸೊಬ್ಬರು ಮುಂದೆ ಬಂದು, ಇವತ್ತೇಕೆ ಇಷ್ಟು ನಿಧಾನ, ತಮಗೆ ಅಂಗಡಿ ತೆರೆಯಲು ಹೊತ್ತಾಯಿತು ಎಂದು ಆಕ್ಷೇಪಿಸಿದರು.

"ನಮ್ಮ ಮಾವ ಮಲಗಿದ್ದಾರೆ," ಎಂದಳು ಸೊಸೆ.

ಅವರು ತಿರುಗಿ ನೋಡಿದರು. ಖಾಲಿಯಿದ್ದ ಪಕ್ಕದ ಸೀಟಿನಲ್ಲಿ ಮೆಲ್ಲಗೆ ಕೂತು, ಕೈಯಲ್ಲಿದ್ದ ಬೀಗದ ಕೈಗೊಂಚಲು ಸದ್ದು ಮಾಡದಂತೆ ಸೆರಗಿನಲ್ಲಿ ಸುತ್ತಿಕೊಂಡರು.